ಕ್ರೋನ್ಸ್ ಇದ್ದವರಿಗೆ ಮೇಲುಹೊಟ್ಟೆ ನೋವು: ಎಂಡೋಸ್ಕೋಪಿವರೆಗೆ ಹಂತ ಹಂತವಾಗಿ

ಮೇಲುಹೊಟ್ಟೆ ಉರಿದರೆ ‘ಗ್ಯಾಸ್ಟ್ರಿಕ್’ ಅಂದುಕೊಂಡು ಒಂದು ಮಾತ್ರೆ ನುಂಗಿ ಸುಮ್ಮನಾಗುವುದು ನಮ್ಮೆಲ್ಲರ ರೂಢಿ. ಕ್ರೋನ್ಸ್ ಕಾಯಿಲೆ ಇರುವವರು ಅಷ್ಟಕ್ಕೇ ಬಿಡಬಾರದು. 1932ರಲ್ಲಿ ನ್ಯೂಯಾರ್ಕಿನ ಡಾ. ಬರಿಲ್ ಕ್ರೋನ್ ಮತ್ತು ಸಂಗಡಿಗರು ವಿವರಿಸಿದ್ದು ಸಣ್ಣ ಕರುಳಿನ ಕೊನೆಯ ಭಾಗದ ಉರಿಯೂತವನ್ನು. ಈಗಲೂ ಈ ಕಾಯಿಲೆ ಹೆಚ್ಚಾಗಿ ಕಾಣುವುದು ಅಲ್ಲಿ ಮತ್ತು ದೊಡ್ಡ ಕರುಳಿನಲ್ಲಿ. ಆದರೆ ಬಾಯಿ, ಅನ್ನನಾಳ, ಜಠರ, ಡ್ಯುಯೊಡಿನಂ (ಸಣ್ಣ ಕರುಳಿನ ಮೊದಲ ಭಾಗ) ಯಾವುದಕ್ಕೂ ಅದು ಬರಬಹುದು. ಭಯಪಡಬೇಡಿ, ಒಂದೊಂದಾಗಿ ನೋಡೋಣ.

1. ಕನ್ನಡಿ ಮುಂದೆ ನಿಂತು ಬಾಯಿ ತೆರೆಯಿರಿ. ಮೊಬೈಲ್ ಟಾರ್ಚ್ ಹಾಕಿ ತುಟಿಯ ಒಳಭಾಗ, ಕೆನ್ನೆ, ವಸಡು, ನಾಲಿಗೆಯ ಅಡಿ ನೋಡಿ. ಬಾಯಿಹುಣ್ಣು ಯಾರಿಗಾದರೂ ಆಗುತ್ತದೆ. ಹೊಟ್ಟೆ ಕೆಟ್ಟಾಗಲೆಲ್ಲ ಹುಣ್ಣೂ ಬರುತ್ತಿದ್ದರೆ ಒಂದು ಫೋಟೊ ತೆಗೆದಿಡಿ.

2. ಒಂದು ನೋಟ್‌ಬುಕ್ ಇಡಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ನೋವು ಬಂತು, ಎಲ್ಲಿ ಬಂತು ಎಂದು ಬರೆಯಿರಿ. ನುಂಗುವಾಗಲೇ ನೋವಾದರೆ ಅನ್ನನಾಳದ ಕಡೆ ಗಮನ ಹೋಗಬೇಕು. ಊಟದ ನಂತರ ಹೊಕ್ಕುಳ ಮೇಲೆ ನೋವು, ವಾಕರಿಕೆ, ಎರಡು ಇಡ್ಲಿಗೇ ಹೊಟ್ಟೆ ತುಂಬಿದಂತಾಗುವುದು, ಇವು ಜಠರ ಮತ್ತು ಡ್ಯುಯೊಡಿನಂ ಕಡೆಯ ಲಕ್ಷಣಗಳು. ಬೆಳಿಗ್ಗೆ ತಿಂದದ್ದು ಸಂಜೆ ಹಾಗೇ ವಾಂತಿಯಾದರೆ ದಾರಿ ಕಿರಿದಾಗಿರಬಹುದು, ಬೇಗ ಡಾಕ್ಟರಿಗೆ ತೋರಿಸಿ. ಎಚ್ಚರಿಕೆ: ರಕ್ತವಾಂತಿ, ಡಾಂಬರಿನಂತೆ ಕಪ್ಪು ಮಲ, ಕುಡಿದ ನೀರೂ ನಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ನೋಟ್‌ಬುಕ್ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

3. ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಕವರಿಗೆ ಹಾಕಿ. ಮೈಕೈ ನೋವಿಗೆ ತಗೊಂಡ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಇರಲಿ. ಜಠರದಲ್ಲಿ ಹುಣ್ಣು ಮಾಡಲು ಅವೇ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮರೆಯದೆ ಹೇಳಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ.

4. ಕವರ್, ನೋಟ್‌ಬುಕ್ ಎರಡನ್ನೂ ಗ್ಯಾಸ್ಟ್ರೋಎಂಟರಾಲಜಿಸ್ಟ್ ಮುಂದಿಡಿ. ಸುಸ್ತು ಇದ್ದರೆ ಹಿಮೋಗ್ಲೋಬಿನ್ ಜೊತೆ ಕಬ್ಬಿಣಾಂಶವನ್ನೂ ನೋಡಬೇಕೇ ಎಂದು ಕೇಳಿ. ಊಟದಲ್ಲಿನ ಕಬ್ಬಿಣ ದೇಹಕ್ಕೆ ಸೇರುವುದು ಮುಖ್ಯವಾಗಿ ಡ್ಯುಯೊಡಿನಂನಲ್ಲೇ.

5. ಬಾಯಿಯಿಂದ ಕ್ಯಾಮೆರಾ ಇರುವ ತೆಳು ಟ್ಯೂಬ್ ಇಳಿಸಿ ನೋಡುವ ಎಂಡೋಸ್ಕೋಪಿ ಬೇಕೆಂದು ಡಾಕ್ಟರ್ ಹೇಳಿದರೆ, ಆ ದಿನ ಖಾಲಿ ಹೊಟ್ಟೆಯಲ್ಲಿ ಹೋಗಿ. ಸಾಮಾನ್ಯವಾಗಿ ಆರು ಗಂಟೆ ಮೊದಲೇ ಊಟ ನಿಲ್ಲಿಸಬೇಕು. ಹಾಲು ಹಾಕಿದ ಕಾಫಿಯೂ ಊಟದ ಲೆಕ್ಕವೇ. ಹೊಸಬರು ಎಡವುವುದು ಇಲ್ಲೇ. ಸಕ್ಕರೆ ಕಾಯಿಲೆಯವರು ಆ ದಿನದ ಮಾತ್ರೆ, ಇನ್ಸುಲಿನ್ ಬಗ್ಗೆ ಮೊದಲೇ ಕೇಳಿಕೊಳ್ಳಿ.

6. ಎಡಮಗ್ಗುಲಿಗೆ ಮಲಗಿ ಮೂಗಿನಲ್ಲಿ ನಿಧಾನ ಉಸಿರಾಡಿ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತಾರೆ, ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದು ಇಡುತ್ತಾರೆ. ಉಸಿರು ಕಟ್ಟುತ್ತದೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಆದರೆ ಟ್ಯೂಬ್ ಹೋಗುವುದು ಅನ್ನನಾಳಕ್ಕೆ, ಶ್ವಾಸನಾಳ ತೆರೆದೇ ಇರುತ್ತದೆ. ಓಕರಿಕೆ ಬಂದರೂ ಟ್ಯೂಬ್ ಎಳೆಯಬೇಡಿ. ಜೊಲ್ಲನ್ನು ನುಂಗದೆ ಹೊರಗೆ ಹರಿಯಲು ಬಿಡಿ. ಹೆಚ್ಚಿನವರಿಗೆ ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಪರೀಕ್ಷೆಗೆ ಚಿಕ್ಕ ಚೂರು ತೆಗೆಯುವ ಬಯಾಪ್ಸಿಯಿಂದ ನೋವಾಗುವುದಿಲ್ಲ. ಒಳಪದರ ನೋಡಲು ಚೆನ್ನಾಗಿದ್ದರೂ ಚೂರು ತೆಗೆಯಬಹುದು, ಗಾಬರಿ ಬೇಡ.

7. ಮರಗಟ್ಟಿದ್ದು ಬಿಡುವವರೆಗೆ ಏನೂ ಕುಡಿಯಬೇಡಿ. ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರೆ 24 ಗಂಟೆ ಗಾಡಿ ಓಡಿಸಬೇಡಿ, ಮನೆಯವರೊಬ್ಬರು ಜೊತೆಗಿರಲಿ.

8. ಬಯಾಪ್ಸಿ ವರದಿ ಹಿಡಿದು ಮತ್ತೆ ಡಾಕ್ಟರ ಹತ್ತಿರ ಹೋಗಿ, ಇವನ್ನು ಕೇಳಿ. ಜಠರದಲ್ಲಿ ಹುಣ್ಣು ಮಾಡುವ ಎಚ್ ಪೈಲೋರಿ ಬ್ಯಾಕ್ಟೀರಿಯಾ ಇದೆಯೇ? ಹುಣ್ಣು ಮಾತ್ರೆಯಿಂದ ಬಂದದ್ದೇ, ಕ್ರೋನ್ಸ್‌ನಿಂದಲೇ? ಕ್ಷಯ ಅಲ್ಲವೆಂದು ಖಚಿತವೇ? ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಕರುಳಿನ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ, ನೋಡಲು ಕ್ರೋನ್ಸ್‌ನಂತೆಯೇ ಇರುತ್ತದೆ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್, ಇನ್‌ಫ್ಲಿಕ್ಸಿಮ್ಯಾಬ್‌ನಂಥ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಒಳಗೆ ಅಡಗಿದ ಕ್ಷಯ ಕೆರಳಬಹುದು. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಆಮ್ಲ ತಗ್ಗಿಸಿ ಉರಿಯನ್ನು ಕಡಿಮೆ ಮಾಡುತ್ತದೆ, ಕ್ರೋನ್ಸ್‌ನ ಉರಿಯೂತಕ್ಕೆ ಬೇರೆ ಔಷಧ ಬೇಕಾಗಬಹುದು. ಅದು ಯಾವುದು, ಎಷ್ಟು ದಿನ, ಮುಂದಿನ ಭೇಟಿ ಯಾವಾಗ ಎಂದು ಅಲ್ಲೇ ಕೂತು ನೋಟ್‌ಬುಕ್‌ನಲ್ಲಿ ಬರೆಸಿಕೊಳ್ಳಿ.