ಸಾಸಿವೆ ಡಬ್ಬಿಯ ದುಡ್ಡು

ಗುಂಡ ಸತ್ತಿದ್ದು ಒಂದು ಭಾನುವಾರ ಬೆಳಗ್ಗೆ. ಅವನು ನಮ್ಮ ಮನೆಗೆ ಬಂದು ಆಗ ಬರೀ ಮೂರು ವಾರ. ಶುಕ್ರವಾರ ಸಂಜೆಯೇ ಮಗಳು ಹೇಳಿದ್ದಳು: "ಅಮ್ಮಾ, ಗುಂಡ ಚಕ್ರ ಹತ್ತಿಲ್ಲ, ಮೂಲೇಲಿ ಮುದುರಿಕೊಂಡಿದಾನೆ. ಬಾಲದ ಹತ್ರ ಎಲ್ಲಾ ಒದ್ದೆ." ಹೋಗಿ ನೋಡಿದೆ, ನಿಂತಲ್ಲೇ ಲೆಕ್ಕ ಹಾಕಿದೆ. ಹ್ಯಾಮ್‌ಸ್ಟರ್ ತಂದದ್ದು 450 ರೂಪಾಯಿಗೆ. ತುಮಕೂರಿನಿಂದ ಬೆಂಗಳೂರಿಗೆ ಹೋಗಿಬರುವ ಖರ್ಚು, ಡಾಕ್ಟರ ಫೀಸು, ಔಷಧ ಎಲ್ಲ ಸೇರಿದರೆ ಎರಡು ಸಾವಿರಕ್ಕೆ ಕಡಿಮೆಯಿಲ್ಲ. ತಿಂಗಳ ಕೊನೆ ಬೇರೆ. ಸೋಮವಾರ ನೋಡೋಣ ಅಂದೆ.

ಆ ನಡುವೆ ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡಬೇಕು. ಮಗಳ ಗಂಟಲು ನೋವಿಗೆ ಹಿಂದಿನ ವಾರ ಬರೆದುಕೊಟ್ಟಿದ್ದ ಅಮಾಕ್ಸಿಸಿಲಿನ್ ಸಿರಪ್ಪು ಫ್ರಿಜ್ಜಿನಲ್ಲಿ ಉಳಿದಿತ್ತು. ಎಳೆಮಕ್ಕಳಿಗೇ ಕೊಡುವ ಔಷಧ, ಒಂದು ಹನಿಯಿಂದ ಏನಾದೀತು ಅಂದುಕೊಂಡು ಶನಿವಾರ ಎರಡು ಸಲ ಗುಂಡನ ಬಾಯಿಗೆ ಹಾಕಿದೆ. ತಿಂಗಳುಗಳ ನಂತರ ಬೆಂಗಳೂರಿನ ಡಾಕ್ಟರೊಬ್ಬರು ವಿವರಿಸಿದಾಗ ಎದೆ ಧಸಕ್ ಅಂದಿತು. ಪೆನಿಸಿಲಿನ್ ಜಾತಿಯ ಔಷಧ ಹ್ಯಾಮ್‌ಸ್ಟರ್ ಹೊಟ್ಟೆಗೆ ಹೋದರೆ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಬೆಳೆದು ಅದರ ವಿಷಕ್ಕೇ ಪ್ರಾಣಿ ಹೋಗಿಬಿಡುತ್ತದೆ. ಗುಂಡನಿಗೆ ಬಂದಿದ್ದು ವೆಟ್ ಟೇಲ್ ಇರಬೇಕು ಅಂದರು. ತಾಯಿಯಿಂದ ಆಗತಾನೇ ಬೇರೆಯಾದ ಮರಿಗಳಿಗೆ ಹೆಚ್ಚಾಗಿ ಬರುವ ಭೇದಿ. ಎರಡು ದಿನದಲ್ಲಿ ಮರಿಯ ಮೈಯಲ್ಲಿದ್ದ ನೀರೆಲ್ಲ ಹೋಗಿಬಿಡುತ್ತದಂತೆ. ಶುಕ್ರವಾರ ರಾತ್ರಿಯೇ ಹೊರಟಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಗೊತ್ತಿಲ್ಲ. ಆದರೆ ನಾನು ಹೊರಡಲಿಲ್ಲ, ಮೇಲಿಂದ ಆ ಸಿರಪ್ಪು ಕುಡಿಸಿದೆ.

ನಾನು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಗುಂಡನನ್ನು ಸಂಪಿಗೆ ಗಿಡದ ಬುಡದಲ್ಲಿ ಹೂತ ರಾತ್ರಿ ನಿದ್ದೆ ಬಾರದೆ ಯೋಚಿಸಿದ್ದೂ ಲೆಕ್ಕವನ್ನೇ. ಹ್ಯಾಮ್‌ಸ್ಟರ್ ಬದುಕುವುದು ಎರಡು ವರ್ಷ, ಹೆಚ್ಚೆಂದರೆ ಮೂರು. ನಮ್ಮ ಎಪ್ಪತ್ತೈದು ವರ್ಷಕ್ಕೆ ಹೋಲಿಸಿದರೆ ಅದರ ಒಂದು ದಿನ ನಮ್ಮ ಒಂದು ತಿಂಗಳಿದ್ದ ಹಾಗೆ. ಅಂದರೆ ನಾನು ದುಡ್ಡಿನ ಯೋಚನೆಯಲ್ಲಿ ಕಳೆದ ಎರಡು ದಿನ ಗುಂಡನ ಆಯಸ್ಸಿನಲ್ಲಿ ಎರಡು ತಿಂಗಳು. ಆ ಪ್ರಾಣಿಯನ್ನು ಸಾಕುವವರ ಹತ್ತಿರ ಕಾಯಿಲೆ ಬಂದ ಹೊತ್ತಿನಲ್ಲಿ ಯೋಚಿಸಲು ಸಮಯವೇ ಇರುವುದಿಲ್ಲ. ಯೋಚನೆಯೆಲ್ಲ ಅದು ಮನೆಗೆ ಬರುವ ಮೊದಲೇ ಮುಗಿದಿರಬೇಕು, ದುಡ್ಡು ಎದುರಿಗೆ ಇರಬೇಕು.

ಮಗಳು ಇನ್ನೊಂದು ಬೇಕೆಂದು ಕೇಳಲು ಐದು ತಿಂಗಳು ತೆಗೆದುಕೊಂಡಳು. ಈ ಸಲ ನಾನು ಅಂಗಡಿಗೆ ಹೋಗುವ ಮುಂಚೆ ದನದಾಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ನೇರವಾಗಿ ಹೇಳಿದರು: "ಮೇಡಂ, ಹಸು, ಎಮ್ಮೆ, ಕುರಿ, ನಾಯಿ ಯಾವುದಾದ್ರೂ ತನ್ನಿ, ನೋಡ್ತೀನಿ. ನೂರು ಗ್ರಾಮಿನ ಪ್ರಾಣಿಗೆ ಔಷಧ ಅಳೆಯೋ ಅಭ್ಯಾಸ ನನಗಿಲ್ಲ. ಬೆಂಗಳೂರಲ್ಲಿ ಎಕ್ಸಾಟಿಕ್, ಅಂದ್ರೆ ಇಂಥ ಪ್ರಾಣಿ ನೋಡೋ ಡಾಕ್ಟರಿದಾರೆ, ಅವರನ್ನೇ ಹಿಡೀರಿ." ಆ ನೇರ ಮಾತಿಗೆ ನಾನು ಇವತ್ತಿಗೂ ಋಣಿ. ಮನೆಗೆ ಬಂದು ಬೆಂಗಳೂರಿನ ಆರು ಕಡೆ ಫೋನು ಮಾಡಿದೆ. ಮೊದಲ ಪ್ರಶ್ನೆ ಒಂದೇ, ಹ್ಯಾಮ್‌ಸ್ಟರ್ ನೋಡ್ತೀರಾ? ನಾಲ್ಕು ಕಡೆ ಇಲ್ಲ ಅಂದರು. ನೋಡುತ್ತೇವೆ ಅಂದ ಎರಡು ಕಡೆ ಫೀಸೆಷ್ಟು, ಭಾನುವಾರ ಇರುತ್ತಾರಾ, ರಾತ್ರಿ ತಂದರೆ ಎಷ್ಟು ಹೆಚ್ಚು, ಎಲ್ಲ ಕೇಳಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ನಂಬರನ್ನೂ ಸೇರಿಸಿದೆ. ವಿಮೆಯನ್ನೂ ವಿಚಾರಿಸಿದೆ. ನಾನು ಕೇಳಿದ ಕಡೆಯೆಲ್ಲ ನಾಯಿಗೆ, ಬೆಕ್ಕಿಗೆ ಇತ್ತು, ಹ್ಯಾಮ್‌ಸ್ಟರಿಗೆ ಇರಲಿಲ್ಲ. ಪೋಸ್ಟಾಫೀಸಿನಲ್ಲಿ ಆರ್‌ಡಿ ಕಟ್ಟೋಣವೆಂದರೆ ಅದು ಐದು ವರ್ಷದ್ದು, ಅಷ್ಟು ದಿನ ಪ್ರಾಣಿಯೇ ಇರುವುದಿಲ್ಲ.

ಕೊನೆಗೆ ಆಸರೆಯಾಗಿದ್ದು ಸಾಸಿವೆ ಡಬ್ಬಿ. ಅತ್ತೆಯವರು ಅಡುಗೆಮನೆಯಲ್ಲಿ ಕಾಸು ಕೂಡಿಡುತ್ತಿದ್ದ ಹಳೆಯ ಹಿತ್ತಾಳೆ ಡಬ್ಬಿ ಖಾಲಿ ಬಿದ್ದಿತ್ತು. ಅದರಲ್ಲಿ ಮೂರು ಸಾವಿರ ಸೇರಿದ ಮೇಲೇ ಹ್ಯಾಮ್‌ಸ್ಟರ್ ತರುವುದು, ಆಮೇಲೆ ಪ್ರತಿ ತಿಂಗಳು ಇನ್ನೂರು ಹಾಕುವುದು, ಬೇರೆ ಯಾವುದಕ್ಕೂ ಮುಟ್ಟಬಾರದು ಎಂದು ನಾನು, ಮಗಳು, ನಮ್ಮನೆಯವರು ಮೂವರೂ ಒಪ್ಪಿದೆವು. "ಇಲಿಗೂ ಡಾಕ್ಟ್ರಾ?" ಎಂದು ಅತ್ತೆ ಕೇಳಿದರು. "ಇಲಿ ಅಲ್ಲ ಅಜ್ಜಿ" ಎಂದಳು ಮಗಳು. ಯುಗಾದಿಗೆ ಬಂದ ಅವಳ ದುಡ್ಡೂ ಸೇರಿ ಡಬ್ಬಿ ತುಂಬಿದ್ದು 2022ರ ಜುಲೈಗೆ. ಬೆಲ್ಲದ ಬಣ್ಣದ ಹೆಣ್ಣು ಮರಿ ಬಂತು, ಹೆಸರೂ ಬೆಲ್ಲ ಎಂದೇ ಆಯಿತು.

ಆ ಡಬ್ಬಿಗೆ ಮೊದಲ ಸಲ ಕೈ ಹಾಕುವಂತೆ ಮಾಡಿದ್ದು ಅಡುಗೆಮನೆಯ ತಕ್ಕಡಿ. ಬೇಟೆಗೆ ಬೀಳುವ ಪ್ರಾಣಿಗಳು ಕಾಯಿಲೆಯನ್ನು ತೋರಿಸಿಕೊಳ್ಳುವುದಿಲ್ಲ, ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತದೆ. ಅದಕ್ಕೇ ಪ್ರತಿ ಭಾನುವಾರ ಸಂಜೆ ಬೆಲ್ಲಳನ್ನು ಸ್ಟೀಲ್ ಬಟ್ಟಲಿನಲ್ಲಿ ಕೂರಿಸಿ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಬರೆದಿಡುತ್ತಿದ್ದೆವು. ಎಂಟನೇ ತಿಂಗಳಲ್ಲಿ ಒಂದು ವಾರ 132 ಗ್ರಾಂ ಇದ್ದದ್ದು ಮರುವಾರ 118ಕ್ಕೆ ಇಳಿಯಿತು. ಓಡಾಟ, ಕಣ್ಣಿನ ಹೊಳಪು ಎಲ್ಲ ಎಂದಿನಂತೆ. ತಟ್ಟೆಯಲ್ಲಿ ಕಾಳೂ ಖಾಲಿಯಾಗುತ್ತಿತ್ತು, ಏಕೆಂದರೆ ಕೆನ್ನೆಚೀಲದಲ್ಲಿ ತುಂಬಿಕೊಂಡು ಹೋಗಿ ಮೂಲೆಯಲ್ಲಿ ಬಚ್ಚಿಡುತ್ತಿದ್ದಳು. ತಿನ್ನುತ್ತಿರಲಿಲ್ಲ. ಹತ್ತಕ್ಕೊಂದರಷ್ಟು ತೂಕ ವಾರದಲ್ಲಿ ಇಳಿದರೆ ಕಾಯಬೇಡಿ ಎಂದು ಡಾಕ್ಟರು ಫೋನಿನಲ್ಲೇ ಹೇಳಿದ್ದರು. ಮರುದಿನ ಬೆಳಗ್ಗೆ ಡಬ್ಬಿ ತೆರೆದು ದುಡ್ಡು ತೆಗೆದುಕೊಂಡು ರೈಲು ಹತ್ತಿದೆ. ಸೋಮವಾರವೋ ಮಂಗಳವಾರವೋ ಎಂಬ ಪ್ರಶ್ನೆಯೇ ಬರಲಿಲ್ಲ. ಆ ಹಗುರವನ್ನು ಹೇಗೆ ಹೇಳಲಿ! ಕೈಯಲ್ಲಿ ಮರಿಯಿದ್ದ ಪೆಟ್ಟಿಗೆ, ಬ್ಯಾಗಿನಲ್ಲಿ ದುಡ್ಡು, ಮನಸ್ಸಿನಲ್ಲಿ ಮರಿಯ ಚಿಂತೆ ಮಾತ್ರ.

ತೊಂದರೆಯಿದ್ದದ್ದು ಹಲ್ಲಿನಲ್ಲಿ. ಹ್ಯಾಮ್‌ಸ್ಟರಿನ ಮುಂಗಡೆ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ, ಮೇಲಿನದು ಕೆಳಗಿನದಕ್ಕೆ ಉಜ್ಜಿ ಸವೆಯಬೇಕು. ಬೆಲ್ಲ ಪಂಜರದ ತಂತಿ ಕಚ್ಚಿ ಕಚ್ಚಿ ಕೆಳಗಿನ ಒಂದು ಹಲ್ಲು ಮುರಿದುಕೊಂಡಿದ್ದಳು, ಅದರ ಎದುರಿನದು ಉಜ್ಜಲು ಜೊತೆಯಿಲ್ಲದೆ ಬಾಗಿ ಬೆಳೆದಿತ್ತು. ಡಾಕ್ಟರು ಅವಳ ಕತ್ತಿನ ಹಿಂದಿನ ಸಡಿಲ ಚರ್ಮ ಹಿಡಿದು ಬಾಯಿ ತೆರೆಸಿದಾಗ ನೋಡಿದೆ, ಹಳದಿ ಬಣ್ಣದ ಸಣ್ಣ ಕೊಕ್ಕೆ. ಫೀಸು 700, ಹಲ್ಲು ಕತ್ತರಿಸಿದ್ದಕ್ಕೆ 400, ಹೋಗಿಬಂದದ್ದು 600. ಮುರಿದ ಹಲ್ಲು ಪೂರ್ತಿ ಬೆಳೆಯುವತನಕ ಇನ್ನೆರಡು ಸಲ ಕತ್ತರಿಸಬೇಕಾಯಿತು, ಸಲಕ್ಕೆ ಸಾವಿರದ ಹಾಗೆ. ಒಟ್ಟು 3,700. ಮೊದಲ ಸಲ ಕೊಟ್ಟ ದುಡ್ಡಿಗೆ ಕಾಯಿಲೆ ಮುಗಿಯಿತು ಎಂದುಕೊಳ್ಳಬಾರದು, ಮತ್ತೆ ಎಷ್ಟು ಸಲ ಬರಬೇಕಾಗುತ್ತದೆ ಎಂದು ಅಲ್ಲೇ ಕೇಳಿಕೊಳ್ಳಬೇಕು. ನಾನು ಎರಡನೇ ಭೇಟಿಯಲ್ಲಿ ಕೇಳಿದೆ.

ಪಂಜರಕ್ಕೂ ಈ ಹಲ್ಲಿನ ಖರ್ಚಿಗೂ ಸಂಬಂಧವಿದೆ. 1,600 ಕೊಟ್ಟು ತಂದ ಬಣ್ಣದ ಪಂಜರ ಅವಳಿಗೆ ಸಾಲದಷ್ಟು ಚಿಕ್ಕದು, ಜಾಗ ಸಾಲದೆ ತಂತಿ ಕಚ್ಚುತ್ತಾಳೆ ಎಂದರು ಡಾಕ್ಟರು. ಪಾತ್ರೆ ಅಂಗಡಿಯಲ್ಲಿ ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ 900ಕ್ಕೆ ಸಿಕ್ಕಿತು. ನಮ್ಮನೆಯವರು ಮುಚ್ಚಳದಲ್ಲಿ ದೊಡ್ಡ ಕಿಂಡಿ ಕೊರೆದು ಜಾಲರಿ ಕೂರಿಸಿಕೊಟ್ಟರು. ಆಮೇಲೆ ಅವಳು ಕಚ್ಚಿದ್ದು ಬೇವಿನ ಕಡ್ಡಿಯನ್ನಷ್ಟೇ. ಆಸ್ಪತ್ರೆ ಖರ್ಚು ಉಳಿಸುವ ದಾರಿ ಕೇಳುವವರಿಗೆ ನಾನು ಮೊದಲು ಹೇಳುವುದು ಆ ಪೆಟ್ಟಿಗೆಯ ಮಾತು.

ಹಲ್ಲು ಕತ್ತರಿಸಿದ ಜಾಗ ಊದಿಕೊಂಡಿದ್ದಕ್ಕೆ ನೋವಿನ ಔಷಧ ಕೊಟ್ಟಿದ್ದರು, ಹೊತ್ತಿಗೆ 0.05 ಎಂ.ಎಲ್. ಇಡೀ ಬಾಟಲಿ ಬರೆದುಕೊಟ್ಟರೆ ಮುಕ್ಕಾಲು ಪಾಲು ಚೆಲ್ಲುವುದೇ ಆಗುತ್ತದೆ, ಬೇಕಾದಷ್ಟನ್ನೇ ಕೊಡುತ್ತೀರಾ ಎಂದು ಕೇಳಿದೆ. ಒಂದು ಎಂ.ಎಲ್. ಸಿರಿಂಜಿನಲ್ಲಿ ತುಂಬಿ ಬಾಯಿ ಮುಚ್ಚಿ ಕೊಟ್ಟರು, ಆ ಔಷಧಕ್ಕೆ ಬೇರೆ ದುಡ್ಡೂ ಹಿಡಿಯಲಿಲ್ಲ. ಮಗಳು ಟರ್ಕಿ ಟವೆಲ್ಲಿನಲ್ಲಿ ಬೆಲ್ಲಳನ್ನು ಸುತ್ತಿ ಮುಖವಷ್ಟೇ ಹೊರಗೆ ಬಿಡುತ್ತಿದ್ದಳು. ನಾನು ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕಕ್ಕೆ ತಾಗಿಸಿ ಐದು ಸಣ್ಣ ಗೆರೆಯಷ್ಟು ಒತ್ತಬೇಕಿತ್ತು. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹನಿ ಮೂಡುತ್ತಿತ್ತು. ಮೂರನೇ ದಿನಕ್ಕೆ ಬೆಲ್ಲ ಟವೆಲ್ಲಿನಿಂದ ಎರಡು ಪುಟ್ಟ ಕೈ ಹೊರಗೆ ತಂದು ಸಿರಿಂಜನ್ನು ತಾನೇ ಹಿಡಿದು ನೆಕ್ಕಿದಳು.

ಒಂದು ಸಲ ತಿಳಿವಳಿಕೆಯಿಲ್ಲದೆ ದುಡ್ಡು ಹೋಗಿದ್ದೂ ಇದೆ. ಅವಳ ಹಿಂಭಾಗದಲ್ಲಿ ಬಿಳಿಯ ಅಂಟು ಸ್ರಾವ ಕಂಡು, ವಾಸನೆಗೆ ಬೆದರಿ ಓಡಿದೆ. ಹೆಣ್ಣು ಹ್ಯಾಮ್‌ಸ್ಟರಿಗೆ ನಾಲ್ಕು ದಿನಕ್ಕೊಮ್ಮೆ ಋತುಚಕ್ರ, ಆಗ ಇದು ಸಹಜ ಎಂದರು. ದಿನಾ ಬಂದರೆ, ರಕ್ತ ಬಂದರೆ, ಹೊಟ್ಟೆ ಊದಿದರೆ ಗರ್ಭಕೋಶದ ಸೋಂಕಿರಬಹುದು, ಆಗ ತಡಮಾಡಬಾರದು. 1,300 ರೂಪಾಯಿ ಕೊಟ್ಟು ಕಲಿತ ಪಾಠ, ಓದಿದವರಿಗೆ ಆ ಓಡಾಟ ಉಳಿಯಲಿ.

ಇಷ್ಟರ ನಡುವೆ ನಾವು ಮಾಡಿದ ಅತಿ ಕಷ್ಟದ ಕೆಲಸವೆಂದರೆ ಮಿತಿ ಹಾಕಿಕೊಂಡದ್ದು. ಬೆಲ್ಲ ಆರೋಗ್ಯವಾಗಿದ್ದಾಗಲೇ, ಒಂದು ರಾತ್ರಿ ಊಟದ ನಂತರ, ಎಲ್ಲರೂ ಕೂತು ಮಾತಾಡಿದೆವು. ಅವಳಿಗೆ ಒಂದೂವರೆ ವರ್ಷ ತುಂಬುವುದರೊಳಗೆ ಏನೇ ಬಂದರೂ, ಸಾಲ ಮಾಡಿಯಾದರೂ ಮಾಡಿಸುವುದು. ಅದಾದ ಮೇಲೆ ಅವಳಿಗೆ ನೋವು ಕಡಿಮೆಯಾಗುವುದನ್ನೆಲ್ಲ ಮಾಡುವುದು, ದೊಡ್ಡ ಆಪರೇಷನ್ ಬೇಡ. ಮಗಳು ಅತ್ತಳು. ಆದರೂ ಆ ಮಾತು ಆಸ್ಪತ್ರೆಯ ಬೆಂಚಿನ ಮೇಲೆ ಆಡುವುದಕ್ಕಿಂತ ಮನೆಯಲ್ಲಿ ಆಡಿದ್ದೇ ಸರಿ ಎಂದು ನನಗೆ ಈಗಲೂ ಅನಿಸುತ್ತದೆ.

2024ರ ಆಗಸ್ಟ್ ಕೊನೆಯಲ್ಲಿ ಬೆಲ್ಲಳ ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕಿತು. ಅವಳಿಗೆ ಎರಡು ವರ್ಷ ದಾಟಿತ್ತು. ಸ್ಕ್ಯಾನ್ ಮಾಡಿದ ಡಾಕ್ಟರು, ತೆರೆದು ತೆಗೆಯಬಹುದು, ಆದರೆ ಈ ವಯಸ್ಸಿಗೆ ಅರಿವಳಿಕೆ ಕೊಟ್ಟರೆ ಏಳದೆಯೂ ಹೋಗಬಹುದು ಎಂದರು. ಖರ್ಚನ್ನೂ ಹೇಳಿದರು. ನಾನು ಮಗಳ ಮುಖ ನೋಡಿದೆ. ಅವಳು ಪೆಟ್ಟಿಗೆಯೊಳಗೆ ಬೆರಳಿಟ್ಟು ಬೆಲ್ಲಳ ಕಿವಿ ಸವರುತ್ತಾ, "ನೋವಾಗದೇ ಇರೋದು ಮಾಡಿ ಡಾಕ್ಟ್ರೇ" ಅಂದಳು. ಫೀಸು, ಸ್ಕ್ಯಾನು, ಆ ಕೊನೆಯ ಇಂಜೆಕ್ಷನ್, ಓಡಾಟ ಸೇರಿ 2,700. ಬಿಲ್ಲು ಕೊಡುವಾಗ ಕೈ ನಡುಗಿದ್ದು ದುಡ್ಡಿಗಲ್ಲ.

26 ತಿಂಗಳಲ್ಲಿ ಡಬ್ಬಿಗೆ ಬಿದ್ದದ್ದು, ಮೊದಲಿನ ಮೂರು ಸಾವಿರವೂ ಸೇರಿ, 8,200. ಹೋದದ್ದು 7,700. ಕಳೆದ ತಿಂಗಳು ಮಗಳು ಬಂದು ಇನ್ನೊಂದು ತರೋಣವಾ ಎಂದು ಕೇಳಿದಳು. ನಾನು ಏನೂ ಹೇಳದೆ ಡಬ್ಬಿ ಇಳಿಸಿಕೊಟ್ಟೆ. ನೆಲದ ಮೇಲೆ ಕೂತು ಎಣಿಸಿದಳು, ಮತ್ತೆ ಮುಚ್ಚಳ ಹಾಕಿದಳು.

"ಇನ್ನೂ ಎರಡೂವರೆ ಸಾವಿರ ಬೇಕಮ್ಮ" ಅಂದಳು.