ಕೆರೆಯಿಂದ ಕೆರೆಗೆ ಏಳು ದಿನ



ನಾವು ಕಮ್ಮನಹಳ್ಳಿಯ ಕಲಿಕಾ ಕೇಂದ್ರದವರು. ಸಂಜೆ ಕಲಿಯಲು ಬರುವವರು ಹನ್ನೊಂದು ಜನ. ಕಲಿಸುವವರು ಇಬ್ಬರು. ಕಳೆದ ದಸರಾ ರಜೆಯಲ್ಲಿ ನಾವೆಲ್ಲ ಸೇರಿ ಒಂದು ಕೆಲಸ ಮಾಡಿದೆವು. ಏಳು ದಿನ ಕೆರೆಗಳನ್ನು ನೋಡಿಬಂದೆವು. ಕಾರಿಲ್ಲ, ವ್ಯಾನಿಲ್ಲ. ನಡೆದು ಹೋದೆವು, ಸೈಕಲ್ ತುಳಿದು ಹೋದೆವು.

ಇದು ಶುರುವಾದದ್ದು ಒಂದು ಪ್ರಶ್ನೆಯಿಂದ. ಒಂದು ಸಂಜೆ "ನೀರು" ಎಂಬ ಪದ ಬರೆಯುತ್ತಿದ್ದೆವು. ಮನೆಗೆಲಸ ಮಾಡುವ ಒಬ್ಬ ಅಕ್ಕ ಕೇಳಿದರು: "ಟೀಚರ್, ದಿನಾ ಪಾತ್ರೆ ತೊಳೀತೀನಿ, ಬಟ್ಟೆ ಒಗೀತೀನಿ. ಆ ನೀರೆಲ್ಲ ಎಲ್ಲಿಗೆ ಹೋಗ್ತದೆ?" ಉತ್ತರ ಪುಸ್ತಕದಲ್ಲಿ ಇರಲಿಲ್ಲ. ಹುಡುಕಿಕೊಂಡು ಹೊರಟೆವು.

ಹೊರಡುವುದು ಸುಲಭವಿರಲಿಲ್ಲ. ಏಳು ದಿನ ರಜೆ ಹಾಕಿದರೆ ಸಂಬಳ ಹಿಡಿಯುತ್ತಾರೆ. ಅದಕ್ಕೆ ಬೆಳಿಗ್ಗೆ ಐದೂವರೆಗೆ ಹೊರಟು ಹತ್ತಕ್ಕೆ ವಾಪಸ್ ಬರುವುದು ಎಂದು ತೀರ್ಮಾನ ಮಾಡಿದೆವು. ಭಾನುವಾರ ಮಾತ್ರ ಇಡೀ ದಿನ.

ಸೈಕಲ್ ಕಲಿತ ಕಥೆ

ಒಂದು ತಿಂಗಳು ಮೊದಲೇ ಮೈದಾನದಲ್ಲಿ ಸೈಕಲ್ ಕಲಿಯಲು ಶುರು ಮಾಡಿದ್ದೆವು. ಮಕ್ಕಳ ಹಳೆ ಸೈಕಲ್ ತಂದೆವು. ಸೆರಗು ಸೊಂಟಕ್ಕೆ ಸಿಕ್ಕಿಸಿದೆವು. ಬಿದ್ದೆವು, ಮಂಡಿ ತರಚಿತು, ಮತ್ತೆ ಹತ್ತಿದೆವು. "ಈ ವಯಸ್ಸಿಗೆ ಇದೆಲ್ಲ ಯಾಕೆ?" ಎಂದು ನೋಡುವವರು ನಕ್ಕರು.

ಆಗ ನಾವು ಪುದುಕೋಟೆಯ ಕಥೆ ಓದಿದೆವು. ಪುದುಕೋಟೆ ತಮಿಳುನಾಡಿನ ಒಂದು ಜಿಲ್ಲೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಕೂಲಿ ಮಾಡುವವರು, ಕಲ್ಲು ಒಡೆಯುವವರು, ದಾದಿಯರು ಸಾವಿರಾರು ಜನ ಕಲಿತರು. ಅವರಿಗೂ ಜನ ನಕ್ಕಿದ್ದರು. ಅವರು ನಿಲ್ಲಿಸಲಿಲ್ಲ. ನಾವೂ ನಿಲ್ಲಿಸಲಿಲ್ಲ. ನಮ್ಮಲ್ಲಿ ಆರು ಜನ ಕಲಿತರು. ಉಳಿದವರು ದೂರದ ಕೆರೆಗಳಿಗೆ ಬಸ್ಸಿನಲ್ಲಿ ಬಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ಅವರಿಗೆ ಬಸ್ ಖರ್ಚು ಬರಲಿಲ್ಲ.

ಸೋಮವಾರ: ಹಲಸೂರು ಕೆರೆ

ಮೊದಲ ದಿನ ಎಲ್ಲರೂ ನಡೆದೆವು. ಲಿಂಗರಾಜಪುರ ದಾಟಿ, ಕಾಕ್ಸ್ ಟೌನ್ ಹಾದು ಹಲಸೂರಿಗೆ ಹೋದೆವು. ದಾರಿಯ ಬೋರ್ಡುಗಳನ್ನೆಲ್ಲ ಜೋರಾಗಿ ಓದಿಕೊಂಡು ಹೋದೆವು. ಗಾಡಿಯವರು ತಿರುಗಿ ನೋಡಿದರು. ನೋಡಲಿ ಬಿಡಿ.

ಹಲಸೂರು ಕೆರೆ ದೊಡ್ಡದು. ನಡುವೆ ಪುಟ್ಟ ದ್ವೀಪಗಳಿವೆ. ನೋಡಲು ಚೆಂದ. ಆದರೆ 2016ರ ಮಾರ್ಚ್‌ನಲ್ಲಿ ಇಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದವು. ಮೀನಿಗೂ ಉಸಿರಾಡಲು ಗಾಳಿ ಬೇಕು. ಆ ಗಾಳಿ ನೀರಿನೊಳಗೆ ಕರಗಿರುತ್ತದೆ. ಕೊಳಚೆ ಸೇರಿದರೆ ಅದು ಕಮ್ಮಿಯಾಗುತ್ತದೆ. ಮೀನು ಉಸಿರು ಕಟ್ಟಿ ಸಾಯುತ್ತದೆ.

ಹಲಸೂರಿನ ನೀರು ಮುಂದೆ ಬೆಳ್ಳಂದೂರು ಕೆರೆಗೆ ಹೋಗುತ್ತದೆ. ಬೆಳ್ಳಂದೂರು ಕೆರೆಯಲ್ಲಿ ಸೋಪಿನ ನೊರೆ ಎದ್ದದ್ದು, 2015ರಲ್ಲಿ ಮತ್ತು 2017ರಲ್ಲಿ ಬೆಂಕಿಯೇ ಹತ್ತಿದ್ದು ನಿಮಗೆ ನೆನಪಿರಬಹುದು. "ನೀರಿಗೆ ಬೆಂಕಿಯಾ?" ಎಂದು ಅಜ್ಜಿ ಬಾಯಿ ಮೇಲೆ ಕೈಯಿಟ್ಟರು.

ಮಂಗಳವಾರ: ಮಳೆ, ಮನೆಯಲ್ಲೇ ಪಾಠ

ಮಂಗಳವಾರ ಜೋರು ಮಳೆ. ಕೇಂದ್ರದಲ್ಲೇ ಕೂತೆವು. ಅಜ್ಜಿ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಸೀಮೆಸುಣ್ಣ ಕೈಗೆ ತಗೊಂಡು ನೆಲದ ಮೇಲೆ ಕೆರೆಯ ಚಿತ್ರ ಬರೆದರು.

"ನೋಡ್ರವ್ವಾ, ತಗ್ಗಿನ ಕಡೆ ಮಣ್ಣು ಏರಿಸಿ ಕಟ್ಟೋದು ಏರಿ. ಗದ್ದೆಗೆ ನೀರು ಬಿಡೋ ಬಾಗಿಲು ತೂಬು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದು ಹೋಗೋ ಜಾಗ ಕೋಡಿ. ತೂಬು ಎತ್ತಿ, ಎಲ್ಲರ ಗದ್ದೆಗೂ ನೀರು ಹಂಚೋನು ನೀರುಗಂಟಿ."

ತಮಿಳು ಮನೆಮಾತಿನ ಅಕ್ಕ ನಕ್ಕರು. "ನಮ್ಮಲ್ಲಿ ಏರಿ ಅಂದ್ರೆ ಕೆರೆನೇ!" ತೆಲುಗಿನ ತಂಗಿ "ನಮ್ಮಲ್ಲಿ ಚೆರುವು" ಎಂದಳು. ಉರ್ದು ಮಾತಾಡುವ ಆಪಾ "ನಾವು ತಾಲಾಬ್ ಅಂತೀವಿ" ಎಂದರು. ಹೆಸರು ನಾಲ್ಕು, ನೀರು ಒಂದೇ.

ಒಂದು ಕೆರೆಯ ಕೋಡಿ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುತ್ತದೆ. ಈ ದೊಡ್ಡ ಕಾಲುವೆಗೆ ರಾಜಕಾಲುವೆ ಎಂದು ಹೆಸರು. ಹೀಗೆ ಕೆರೆಗಳು ಸರದ ಮಣಿಗಳ ಹಾಗೆ ಸಾಲಾಗಿವೆ. ಒಂದು ಮಣಿ ಕಿತ್ತರೂ ಸರ ಹಾಳು.

ಬೆಂಗಳೂರಿನಲ್ಲಿ ಎಷ್ಟೋ ಮಣಿ ಕಿತ್ತಿದ್ದೇವೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಇರುವ ಜಾಗ ಸಂಪಂಗಿ ಕೆರೆ.

ಬುಧವಾರ, ಗುರುವಾರ: ನಾಗವಾರ, ಹೆಬ್ಬಾಳ

ಬುಧವಾರ ಸೈಕಲ್ ಹೊರಟಿತು. ರಿಂಗ್ ರೋಡಿನಲ್ಲಿ ಲಾರಿಗಳ ಭಯ. ಎಡಗಡೆ ಒಬ್ಬರ ಹಿಂದೆ ಒಬ್ಬರು ಹೋದೆವು. ಸಿಗ್ನಲ್ ಬಂದ ಕಡೆ ಇಳಿದು ಸೈಕಲ್ ತಳ್ಳಿಕೊಂಡು ದಾಟಿದೆವು. ನಾಗವಾರ ಕೆರೆಯ ದಡದಲ್ಲಿ ಉಪ್ಪಿಟ್ಟು ತಿಂದು ಬಂದೆವು.

ಗುರುವಾರ ಇನ್ನೂ ದೂರ, ಹೆಬ್ಬಾಳ ಕೆರೆ. ಒಂದು ಸೈಕಲ್ ಪಂಕ್ಚರ್ ಆಯಿತು. ಹೂ ಮಾರುವ ಅಕ್ಕ ಅರ್ಧ ದಾರಿ ತಳ್ಳಿಕೊಂಡೇ ಬಂದರು. ಆದರೆ ಅಲ್ಲಿ ಹಕ್ಕಿ ನೋಡಿ ದಣಿವು ಮರೆತರು. ದೊಡ್ಡ ಕೊಕ್ಕಿನ ಹೆಜ್ಜಾರ್ಲೆ, ಕಪ್ಪು ನೀರುಕಾಗೆ, ಬೆಳ್ಳಕ್ಕಿ. "ಇಷ್ಟು ವರ್ಷ ಇದೇ ಊರಲ್ಲಿದ್ದೀನಿ. ಒಂದು ದಿನವೂ ಸುಮ್ಮನೆ ಕೂತು ಹಕ್ಕಿ ನೋಡಿರಲಿಲ್ಲ" ಎಂದರು. ನಮಗೆಲ್ಲ ಅದೇ ಅನಿಸಿತ್ತು.

ಹೆಬ್ಬಾಳದ ನೀರು ಹರಿಯುವುದು ನಾಗವಾರದ ಕಡೆಗೆ. ಅಂದರೆ ನಾವು ನೀರು ಬರುವ ದಾರಿಯಲ್ಲಿ ಮೇಲಕ್ಕೆ ಹೋಗಿದ್ದೆವು.

ಶುಕ್ರವಾರ: ಜಕ್ಕೂರು ಕೆರೆ

ಜಕ್ಕೂರಿನಲ್ಲಿ ಒಂದು ಒಳ್ಳೆಯ ವ್ಯವಸ್ಥೆ ನೋಡಿದೆವು. ಕೆರೆಯ ಮೇಲ್ಗಡೆ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ. ಅಲ್ಲಿಂದ ಬರುವ ನೀರು ಮೊದಲು ಜೊಂಡು ಬೆಳೆದ ಜೌಗು ನೆಲಕ್ಕೆ ಹೋಗುತ್ತದೆ. ಜೊಂಡಿನ ಬೇರು ಉಳಿದ ಕೊಳೆಯನ್ನು ಹೀರುತ್ತದೆ. ಆಮೇಲೆ ನೀರು ಕೆರೆಗೆ ಸೇರುತ್ತದೆ. ನಾವು ಸೊಪ್ಪು ತೊಳೆದು, ಮತ್ತೆ ತೊಳೆದು, ಆಮೇಲೆ ಸಾರಿಗೆ ಹಾಕುವುದಿಲ್ಲವೇ? ಹಾಗೆಯೇ.

ಕೆರೆ ತುಂಬಿದರೆ ಸುತ್ತಲಿನ ಬಾವಿಗೂ ನೀರು ಬರುತ್ತದೆ. ನೀರು ನಿಧಾನವಾಗಿ ನೆಲಕ್ಕೆ ಇಳಿಯುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಕೊಳವೆಬಾವಿ ಬತ್ತಿದವು. ಬಿಂದಿಗೆ ಹಿಡಿದು ಟ್ಯಾಂಕರ್ ಕಾದು ನಿಂತವರು ಯಾರು? ನಾವೇ ಅಲ್ಲವೇ?

ಶನಿವಾರ: ಕಲ್ಕೆರೆ

ಹೊರಮಾವಿನ ಮೇಲೆ ಕಲ್ಕೆರೆಗೆ ಹೋದೆವು. ದಾರಿಯಲ್ಲಿ ಸಾಯಿ ಲೇಔಟ್ ಬಗ್ಗೆ ಮಾತು ಬಂತು. 2025ರ ಮೇ ತಿಂಗಳಲ್ಲಿ ಅಲ್ಲಿ ಮನೆಗಳೊಳಗೆ ಮಳೆ ನೀರು ನುಗ್ಗಿತ್ತು. ಅದು ತಗ್ಗು ಜಾಗ. ಪಕ್ಕದಲ್ಲೇ ರಾಜಕಾಲುವೆ. ಕಾಲುವೆ ಕಿರಿದಾದರೆ ನೀರು ತನ್ನ ದಾರಿ ತಾನೇ ಹುಡುಕುತ್ತದೆ. ಬೇಸಿಗೆಯಲ್ಲಿ ನೀರಿಲ್ಲ, ಮಳೆಗಾಲದಲ್ಲಿ ಮನೆಯೊಳಗೇ ನೀರು. ಎರಡಕ್ಕೂ ಕಾರಣ ಒಂದೇ: ನೀರಿನ ಜಾಗ ನೀರಿಗೆ ಬಿಟ್ಟಿಲ್ಲ.

ಭಾನುವಾರ: ಎಲೆಮಲ್ಲಪ್ಪಶೆಟ್ಟಿ ಕೆರೆ

ಕೊನೆಯ ದಿನ ಬುತ್ತಿ ಕಟ್ಟಿಕೊಂಡು ಕೆ.ಆರ್. ಪುರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಹೋದೆವು. ಮಕ್ಕಳೂ ಬಂದರು. ಮೊದಲು ನಕ್ಕಿದ್ದ ಒಬ್ಬರ ಗಂಡನೂ ಬಂದರು.

ಕೆರೆಯ ಹೆಸರು ಉದ್ದ. ಬಿಡಿಸಿ ಓದಿದೆವು: ಎಲೆ, ಮಲ್ಲಪ್ಪ, ಶೆಟ್ಟಿ. ಎಲೆ ಎಂದರೆ ವೀಳ್ಯದೆಲೆ. ಎಲೆ ವ್ಯಾಪಾರ ಮಾಡುತ್ತಿದ್ದ ಮಲ್ಲಪ್ಪ ಶೆಟ್ಟರು ತಮ್ಮ ದುಡ್ಡು ಹಾಕಿ ಈ ಕೆರೆ ಕಟ್ಟಿಸಿದರು ಎಂದು ಹಿರಿಯರು ಹೇಳುತ್ತಾರೆ.

ಹೆಬ್ಬಾಳ, ನಾಗವಾರ, ಜಕ್ಕೂರು, ಕಲ್ಕೆರೆ. ನಾವು ನೋಡಿದ ಈ ಕೆರೆಗಳ ನೀರೆಲ್ಲ ಕೊನೆಗೆ ಈ ಕಡೆಗೆ ಬರುತ್ತದೆ. ಇಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ ಸೇರುತ್ತದೆ. ಆ ನದಿ ನಂದಿಬೆಟ್ಟದ ಕಡೆ ಹುಟ್ಟಿ, ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟೆಗೆ ಹೋಗುತ್ತದೆ. ಆ ನೀರಿನಿಂದ ಅಲ್ಲಿ ಬೆಳೆ ಬೆಳೆಯುತ್ತಾರೆ. ಆ ಅಣೆಕಟ್ಟೆಯಲ್ಲೂ ನೊರೆ ಎದ್ದ ಸುದ್ದಿ ಹಲವು ಸಲ ಪತ್ರಿಕೆಯಲ್ಲಿ ಬಂದಿದೆ.

ಇದನ್ನು ಕೇಳಿ, ಮೊದಲು ಪ್ರಶ್ನೆ ಕೇಳಿದ್ದ ಅಕ್ಕ ತುತ್ತು ಕೆಳಗಿಟ್ಟರು. "ನನ್ನ ತವರು ಹೊಸೂರು ಕಡೆ ಟೀಚರ್. ನಮ್ಮಣ್ಣ ಆ ನೀರಲ್ಲೇ ಟೊಮೆಟೊ ಬೆಳೀತಾನೆ. ಹಬ್ಬಕ್ಕೆ ಹೋದಾಗ ನೀರು ನಾರ್ತದೆ ಅಂತ ಬೈಕೊಂಡು ಬರ್ತಿದ್ದೆ. ನಾನೇ ಕಳಿಸಿದ ಕೊಳಕಾ ಅದು?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ಅಜ್ಜಿ ಹೇಳಿದರು: "ನೀನೊಬ್ಬಳೇ ಅಲ್ಲ ಕಣವ್ವ, ಇಡೀ ಊರು ಕಳಿಸ್ತಾ ಇದೆ. ಆದ್ರೆ ಗೊತ್ತಾದವರು ಸುಮ್ನಿರಬಾರದು."

ನಾವು ಮಾಡಿದ್ದು

ಬೀದಿಯಲ್ಲಿ ಎರಡು ದಾರಿ ಇರಬೇಕು. ಕಕ್ಕಸು, ಬಚ್ಚಲು, ಅಡಿಗೆಮನೆ ನೀರಿಗೆ ಒಳಚರಂಡಿ. ಮಳೆ ನೀರಿಗೆ ಬೇರೆ ಚರಂಡಿ. ಒಳಚರಂಡಿ ನೀರು ಶುದ್ಧ ಮಾಡುವ ಘಟಕಕ್ಕೆ ಹೋಗಬೇಕು. ಮಳೆ ನೀರು ಕೆರೆಗೆ ಹೋಗಬೇಕು. ನಮ್ಮ ಒಂದು ಬೀದಿಯಲ್ಲಿ ಒಳಚರಂಡಿ ಕಟ್ಟಿಕೊಂಡು, ಕೊಳಚೆ ಮಳೆ ನೀರಿನ ಚರಂಡಿಗೆ ಹರಿಯುತ್ತಿತ್ತು. ಸೋಮವಾರ ಸಂಜೆ ನಾವೇ ಒಂದು ಅರ್ಜಿ ಬರೆದೆವು:

"ಮಾನ್ಯರೇ, ನಮ್ಮ ಬೀದಿಯಲ್ಲಿ ಒಳಚರಂಡಿ ಕಟ್ಟಿಕೊಂಡಿದೆ. ಕೊಳಚೆ ನೀರು ಮಳೆ ನೀರಿನ ಚರಂಡಿಗೆ ಹೋಗುತ್ತಿದೆ. ಅಲ್ಲಿಂದ ಕೆರೆಗೆ ಸೇರುತ್ತದೆ. ದಯವಿಟ್ಟು ಬೇಗ ಸರಿಪಡಿಸಿ."

ತಪ್ಪು ತಿದ್ದಲು ಮೂರು ಸಲ ಬರೆದೆವು. ಕಚೇರಿಗೆ ಕೊಟ್ಟು, ಸ್ವೀಕೃತಿ ಕೇಳಿ ಪಡೆದೆವು. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಕೆಲಸ ಆಗದಿದ್ದರೆ ಅದನ್ನು ತೋರಿಸಿ ಮತ್ತೆ ಕೇಳಬಹುದು.

ಅರ್ಜಿಯ ಕೆಳಗೆ ಹದಿಮೂರು ಹೆಸರು. ಹದಿಮೂರೂ ಸಹಿ. ಒಂದು ಹೆಬ್ಬೆಟ್ಟೂ ಇಲ್ಲ.

ಹೊಸ ಪದಗಳು: ಏರಿ, ತೂಬು, ಕೋಡಿ, ನೀರುಗಂಟಿ, ರಾಜಕಾಲುವೆ, ಒಳಚರಂಡಿ, ಸ್ವೀಕೃತಿ.

ಮಾತಾಡೋಣ:
1. ನಿಮ್ಮ ಊರಿನ ಕೆರೆ ಯಾವುದು? ಈಗ ಹೇಗಿದೆ?
2. ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಹಿಂದೆಯೇ ನಡೆದು ನೋಡಿ.

ಬರೆಯೋಣ: ನಿಮ್ಮ ಬೀದಿಯ ಒಂದು ತೊಂದರೆ ಆರಿಸಿ. ನಾಲ್ಕು ಸಾಲಿನ ಅರ್ಜಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.