ಸೊಂಟನೋವು, ಚೊಗರು ಬಣ್ಣದ ಮೂತ್ರ: ಬರೀ ಉಷ್ಣವೇ?

ಪ್ರಶ್ನೆ: ನಮ್ಮದು ಬನವಾಸಿ ಹತ್ತಿರದ ಹಳ್ಳಿ. ಅಡಿಕೆ ಕೊಯ್ಲು ಶುರುವಾದಾಗಿನಿಂದ ಸೊಂಟನೋವು ಬಿಟ್ಟಿಲ್ಲ. ರಾತ್ರಿ ಹೊತ್ತಾಗುವವರೆಗೂ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತೇವೆ. ಈಗ ನಾಲ್ಕೈದು ದಿನದಿಂದ ಮೂತ್ರದ ಬಣ್ಣವೂ ಬದಲಾಗಿದೆ, ಒಮ್ಮೊಮ್ಮೆ ಅಡಿಕೆ ಚೊಗರಿನ ಹಾಗೆ ಕಂದಾಗಿ ಕಾಣುತ್ತದೆ. ಅತ್ತೆ ‘ಉಷ್ಣ ಆಗಿದೆ, ಬಾಳೆದಿಂಡಿನ ರಸ ಕುಡಿ’ ಅನ್ನುತ್ತಾರೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದೇನೆ. ಇದು ಕಿಡ್ನಿ ತೊಂದರೆಯೇ?
– ಓದುಗರು, ಬನವಾಸಿ ಹೋಬಳಿ

ಉತ್ತರ: ಇರಬಹುದು, ಇಲ್ಲದೆಯೂ ಇರಬಹುದು. ಆದರೆ ‘ಚೊಗರಿನ ಹಾಗೆ’ ಎಂದು ಬರೆದಿದ್ದೀರಲ್ಲ, ಆ ಒಂದು ಮಾತಿಗಾಗಿ ಇವತ್ತೇ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ. ನೋವಿನ ಮಾತ್ರೆಯನ್ನು ಅಲ್ಲಿಯವರೆಗೆ ನಿಲ್ಲಿಸಿ. ಯಾಕೆ ಅನ್ನುವುದನ್ನು ಈಗ ಹೇಳುತ್ತೇನೆ.

ಸುಲಿಯುವ ದಿನಗಳಲ್ಲಿ ಸೊಂಟ ನೋಯದವರು ಮಲೆನಾಡಿನಲ್ಲಿ ಸಿಗುವುದು ಕಷ್ಟ. ಕಾಲಲ್ಲಿ ಮೆಟ್ಟುಗತ್ತಿ ಒತ್ತಿ, ಬೆನ್ನು ಬಗ್ಗಿಸಿ ಗಂಟೆಗಟ್ಟಲೆ ಕೂತರೆ ಸ್ನಾಯು ಹಿಡಿದುಕೊಳ್ಳುತ್ತದೆ. ಎದ್ದಾಗ, ಬಗ್ಗಿದಾಗ ಚುಳುಕ್ ಅನ್ನುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ. ಕಿಡ್ನಿ ಇರುವುದು ನಾವು ಕೈ ಇಟ್ಟು ‘ಸೊಂಟ’ ಎಂದು ತೋರಿಸುವ ಜಾಗಕ್ಕಿಂತ ಮೇಲೆ, ಬೆನ್ನಿನಲ್ಲಿ ಕೊನೆಯ ಪಕ್ಕೆಲುಬಿನ ಆಸುಪಾಸು. ಅಲ್ಲಿಯ ನೋವು ಹೇಗೆ ಹೊರಳಿದರೂ ಬದಲಾಗುವುದಿಲ್ಲ. ಕಲ್ಲು ಜಾರುತ್ತಿದ್ದರೆ ನೋವು ಅಲೆಅಲೆಯಾಗಿ ಬಂದು ತೊಡೆಸಂದಿಗೆ ಇಳಿಯುತ್ತದೆ, ಕೂರಲೂ ಮಲಗಲೂ ಬಿಡುವುದಿಲ್ಲ.

ಬಣ್ಣದ ವಿಚಾರಕ್ಕೆ ಬರೋಣ. ಬರೀ ಗಾಢ ಹಳದಿಯಾಗಿದ್ದರೆ ಅತ್ತೆಯ ಮಾತು ಮುಕ್ಕಾಲು ಪಾಲು ಸರಿ. ಮನೆತುಂಬ ಕೆಲಸದಾಳುಗಳಿರುವಾಗ ಮತ್ತೆಮತ್ತೆ ಎದ್ದು ಹೋಗಬೇಕಾಗುತ್ತದೆಂದು ಹೆಂಗಸರು ನೀರೇ ಕುಡಿಯುವುದಿಲ್ಲ. (ಮೂತ್ರನಾಳದ ಸೋಂಕಿಗೂ ಇದು ಹೆದ್ದಾರಿ, ಉರಿ, ಚಳಿಜ್ವರ, ಪಕ್ಕೆನೋವು ಸೇರಿದರೆ ಸೋಂಕು ಕಿಡ್ನಿಗೆ ಏರಿದೆ ಎಂದು ಅನುಮಾನಿಸಬೇಕು.) ನೀರಿನ ಕೊರತೆಯೇ ಕಾರಣವಾದರೆ ದಿನವಿಡೀ ಚೆನ್ನಾಗಿ ಕುಡಿದಾಗ ಸಂಜೆಯೊಳಗೆ ಬಣ್ಣ ತಿಳಿಯಾಗುತ್ತದೆ. ಬಿ ಕಾಂಪ್ಲೆಕ್ಸ್ ಮಾತ್ರೆ ಹೊಳೆಯುವ ಹಳದಿ ಕೊಡುತ್ತದೆ, ಬೀಟ್‌ರೂಟ್ ಕೆಲವರಿಗೆ ಕೆಂಪು, ಕ್ಷಯದ ರಿಫಾಂಪಿಸಿನ್ ಕಿತ್ತಳೆ. ಇವಕ್ಕೆ ಹೆದರಬೇಕಾಗಿಲ್ಲ.

ಚೊಗರು ಬಣ್ಣದ ಲೆಕ್ಕವೇ ಬೇರೆ. ಅದು ರಕ್ತವಿರಬಹುದು: ಕಲ್ಲಿನಿಂದ, ಸೋಂಕಿನಿಂದ ಅಥವಾ ಕಿಡ್ನಿಯ ಉರಿಯೂತದಿಂದ. ಕಾಮಾಲೆಯ ಪಿತ್ತವಿರಬಹುದು, ಆಗ ಮೂತ್ರದ ನೊರೆಯೂ ಹಳದಿ, ಕಣ್ಣೂ ಹಳದಿ. ಮೂರನೆಯದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರೂಢಿಯಿಲ್ಲದ ಭಾರೀ ದುಡಿಮೆಯಲ್ಲಿ ಸ್ನಾಯುವೇ ಒಡೆದು ಅದರ ಕೆಂಪು ವಸ್ತು ಮೂತ್ರಕ್ಕಿಳಿಯುತ್ತದೆ. ಪರೀಕ್ಷೆಯ ಪಟ್ಟಿ ‘ರಕ್ತ ಇದೆ’ ಅನ್ನುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತಕಣವೇ ಇರುವುದಿಲ್ಲ. ಮೈಕೈ ನೋವು, ಕಂದು ಮೂತ್ರ ಎರಡೂ ಅದರಲ್ಲೇ ಬರುತ್ತವೆ, ಕಿಡ್ನಿಗೂ ಅಪಾಯ. ಇನ್ನು ನಲವತ್ತು ದಾಟಿದ, ಬೀಡಿ ಸೇದುವ ಗಂಡಸಿಗೆ ನೋವೇ ಇಲ್ಲದೆ ಒಮ್ಮೆ ಕೆಂಪು ಮೂತ್ರ ಹೋಗಿ ನಿಂತುಬಿಟ್ಟರೆ ‘ವಾಸಿಯಾಯಿತು’ ಎಂದು ಸುಮ್ಮನಿರಬಾರದು. ಮೂತ್ರಕೋಶದ ಕ್ಯಾನ್ಸರ್ ಹಾಗೆಯೇ ಶುರುವಾಗುತ್ತದೆ.

ಜ್ವರವಿದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ನನ್ನ ಮೊದಲ ಅನುಮಾನ ಇಲಿಜ್ವರದ ಮೇಲೆ. ವರದಾ ದಂಡೆಯ ಗದ್ದೆ, ಸದಾ ತೇವವಿರುವ ತೋಟದ ಬಸಿಗಾಲುವೆ, ಇಲಿ ಓಡಾಡುವ ಕೊಟ್ಟಿಗೆ: ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ನೆಲೆ ಬೇಕಿಲ್ಲ. ಇಲಿಯ, ದನದ ಮೂತ್ರದಿಂದ ನೀರಿಗೆ ಸೇರಿ, ಒಡೆದ ಹಿಮ್ಮಡಿಯಿಂದಲೋ ಗಾಯದಿಂದಲೋ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ, ತಲೆನೋವು, ಕೆಂಪು ಕಣ್ಣು, ಸೊಂಟದಲ್ಲೂ ಮೀನಖಂಡದಲ್ಲೂ ಮುಟ್ಟಿಸಿಕೊಳ್ಳಲಾಗದ ನೋವು. ಬಿಗಡಾಯಿಸಿದರೆ ಕಾಮಾಲೆಯಾಗಿ ಮೂತ್ರ ಕಂದಾಗುತ್ತದೆ, ಕೊನೆಗೆ ಮೂತ್ರ ಬರುವುದೇ ನಿಲ್ಲಬಹುದು. ಬೇಗ ಹಿಡಿದರೆ ಡಾಕ್ಸಿಸೈಕ್ಲಿನ್‌ನಂಥ ಸಾಮಾನ್ಯ ಔಷಧಿಗೇ ಬಗ್ಗುತ್ತದೆ. ಮೊದಲ ವಾರದ ರಕ್ತಪರೀಕ್ಷೆಯಲ್ಲಿ ಸಿಕ್ಕದೆಯೂ ಇರಬಹುದು. ಹಾಗಾಗಿ ‘ನಾನು ಗದ್ದೆಗೆ, ತೋಟಕ್ಕೆ ಇಳಿದಿದ್ದೆ’ ಎಂದು ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಸೊಪ್ಪಿಗೆ, ದರಕಿಗೆ ಕಾಡಿಗೆ ಹೋಗಿದ್ದರೆ ಅದನ್ನೂ ಹೇಳಿ. ಪಕ್ಕದ ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ 2024ರಲ್ಲೂ ಸಿದ್ದಾಪುರವನ್ನು ಕಾಡಿತ್ತು. ಅದರ ಜ್ವರದಲ್ಲೂ ಮೈಕೈ, ಬೆನ್ನು ವಿಪರೀತ ನೋಯುತ್ತವೆ.

ಬಾಳೆದಿಂಡಿಗೆ ನನ್ನ ತಕರಾರಿಲ್ಲ. ಪಲ್ಯ ಮಾಡಿ ತಿನ್ನಿ, ಆದರೆ ಕಲ್ಲು ಕರಗಿಸುತ್ತದೆಂದು ನಂಬಿ ಸ್ಕ್ಯಾನಿಂಗ್ ತಪ್ಪಿಸಬೇಡಿ. ನನಗೆ ಭಯ ಇರುವುದು ಬಿಂಬುಳಿಯ ರಸದ ಬಗ್ಗೆ. ಕೊಲೆಸ್ಟ್ರಾಲ್‌ಗೆ ಒಳ್ಳೆಯದು ಎಂದು ಯಾರೋ ಹೇಳಿದ್ದನ್ನು ಕೇಳಿ ಲೋಟಗಟ್ಟಲೆ ಕುಡಿಯುವವರಿದ್ದಾರೆ. ಅದರಲ್ಲಿ ಆಕ್ಸಲೇಟ್ ವಿಪರೀತ. ಹಾಗೆ ಕುಡಿದು ಕಿಡ್ನಿ ಕೈಕೊಟ್ಟ 10 ಮಂದಿಯ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದರು. ಹಲವರಿಗೆ ಡಯಾಲಿಸಿಸ್ ಬೇಕಾಗಿತ್ತು. ಸಾರಿಗೆ, ಉಪ್ಪಿನಕಾಯಿಗೆ ಹಾಕುವಷ್ಟು ಸಾಕು.

ನೋವಿನ ಮಾತ್ರೆ ನಿಲ್ಲಿಸಿ ಎಂದದ್ದೂ ಕಿಡ್ನಿಗಾಗಿಯೇ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯವು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಮೈಯಲ್ಲಿ ನೀರಿದ್ದಾಗ ಆರೋಗ್ಯವಂತರು ಒಂದೆರಡು ದಿನ ಹೇಗೋ ತಾಳಿಕೊಳ್ಳುತ್ತಾರೆ. ಬೆವರಿ, ಒಣಗಿ, ಮೇಲಿಂದ ದಿನವೂ ನುಂಗಿದರೆ ಸೊಂಟದ ನೋವಿಗೆ ಕಿಡ್ನಿಯನ್ನು ಒತ್ತೆ ಇಟ್ಟ ಹಾಗೆ. ತಡೆಯಲಾಗದಿದ್ದರೆ ಬಿಸಿನೀರಿನ ಶಾಖ ಕೊಡಿ.

ಬನವಾಸಿಯಲ್ಲೋ ಶಿರಸಿಯ ಸರ್ಕಾರಿ ಆಸ್ಪತ್ರೆಯಲ್ಲೋ ಮೂತ್ರ, ಕ್ರಿಯಾಟಿನಿನ್ ನೋಡಿಸಿ, ವೈದ್ಯರು ಹೇಳಿದರೆ ಸ್ಕ್ಯಾನಿಂಗ್ ಕೂಡ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ಮುಟ್ಟಿನ ದಿನಗಳಾಗಿದ್ದರೆ ಮೊದಲೇ ತಿಳಿಸಿ, ಇಲ್ಲದಿದ್ದರೆ ವರದಿ ದಿಕ್ಕು ತಪ್ಪಿಸುತ್ತದೆ. ಜ್ವರ, ವಾಂತಿ, ಹಳದಿ ಕಣ್ಣು ಅಥವಾ ಮೂತ್ರ ತೀರಾ ಕಡಿಮೆಯಾಗಿರುವುದು, ಇದರಲ್ಲಿ ಒಂದು ಇದ್ದರೂ ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ. ಹೋಗುವಾಗ ಅಂಗಡಿಯಲ್ಲಿ ಕೊಟ್ಟ ಮಾತ್ರೆಯ ಶೀಟನ್ನೂ ಕೈಚೀಲಕ್ಕೆ ಹಾಕಿಕೊಳ್ಳಿ.